ಉಪ್ಪಿಗೆ ವಾಸನೆ ಇರುವುದಿಲ್ಲ

ಸೊಲ್ಲಾಪುರದಿಂದ ವಳಸಂಗ ದಾಟಿ ಅಕ್ಕಲಕೋಟೆಯ ಕಡೆ ಹೊರಟಿದ್ದೆವು. ಚಪಳಗಾಂವಕ್ಕೆ ತಿರುಗುವ ದಾರಿ ಇನ್ನೇನು ಬರಬೇಕು, ಅಷ್ಟರಲ್ಲಿ ಕುರಿಗಳು ರಸ್ತೆಗೆ ಅಡ್ಡ ಬಂದವು. ಆಗತಾನೆ ಒಂದು ಮಳೆ ಬಿದ್ದು ನಿಂತಿತ್ತು. ನೆಂದ ಕುರಿಗಳು ಒಂದನ್ನೊಂದು ಒತ್ತಿಕೊಂಡು, ಮೈಯಿಂದ ಹಬೆ ಬಿಡುತ್ತ, ಕಾರಿನ ಎರಡೂ ಬದಿಗೆ ನಿಧಾನವಾಗಿ ಹರಿಯತೊಡಗಿದವು. ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳು ಸಾಕ್ಷಿ ಓಢಣಿಯನ್ನು ಮೂಗಿಗೆ ಒತ್ತಿಕೊಂಡು, "ಮಮ್ಮೀ, ಕಾಚ ಬಂದ ಕರ್ ನಾ! ಕಿತೀ ಘಾಣ ವಾಸ!" ಎಂದು ಮರಾಠಿಯಲ್ಲಿ ಕೂಗಿದಳು. ಗಾಜು ಮುಚ್ಚು, ಎಂಥ ಹೊಲಸು ನಾತ ಎಂದು ಅವಳ ಗೋಳು. ನಾನು ಅರ್ಧ ಇಳಿದಿದ್ದ ಗಾಜನ್ನು ಪೂರ್ತಿ ಇಳಿಸಿದೆ.

ಕಾರು ಓಡಿಸುತ್ತಿದ್ದ ನಮ್ಮ ಯಜಮಾನರು ನನ್ನ ಮುಖ ನೋಡಿ ಎಂಜಿನ್ ಆಫ್ ಮಾಡಿದರು. ಅವರಿಗೆ ಗೊತ್ತು. ಹಸಿ ಉಣ್ಣೆಯ ನಾತ ಒಳಗೆಲ್ಲ ತುಂಬಿಕೊಂಡಿತು, ನನ್ನ ಕಣ್ಣೂ ತುಂಬಿಕೊಂಡಿತು. ಐದು ವರ್ಷದ ಹಿಂದಿನ ಮಳೆಗಾಲವೊಂದು ಹೀಗೆ ಕುರಿಗಳ ಬೆನ್ನ ಮೇಲೆ ಕೂತು ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ನಾನು ತಿಪಟೂರಿನವಳು. ನಮ್ಮಪ್ಪ ಕೊಬ್ಬರಿ ವ್ಯಾಪಾರಿ. ಸೊಲ್ಲಾಪುರದ ಕಿರಾಣಿ ಅಂಗಡಿಯ ಮನೆತನದವರು ಕೊಬ್ಬರಿ ಕೊಳ್ಳಲು ಬಂದವರು ಮೂಟೆಗಳ ಜೊತೆ ಅಕ್ಕನನ್ನೂ ಲಾರಿಗೆ ಹಾಕಿಕೊಂಡು ಹೋದರು ಎಂದು ನನ್ನ ತಮ್ಮ ಈಗಲೂ ರೇಗಿಸುತ್ತಾನೆ. ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಗಂಡಸರದು ಅನ್ನುವುದು ಬೋರ್ಡಿನ ಮಾತು. ಸರಕು ಒಳಗೆ ಬರಬೇಕೋ ಬೇಡವೋ ಎಂದು ಹೇಳುತ್ತಿದ್ದದ್ದು ನಮ್ಮ ಅತ್ತೆಯ ಮೂಗು.

ಅತ್ತೆ ವಾಗದರಿಯ ಒಕ್ಕಲು ಮನೆಯ ಹೆಣ್ಣು. ಮೆಟ್ಟಿಲ ಮೇಲೆ ನಿಂತು, ಮೂಟೆಯ ಬಾಯಿ ಬಿಚ್ಚಿಸಿ, ಒಂದು ಸಲ ಉಸಿರೆಳೆದರೆ ಮುಗಿಯಿತು. ಹೋದ ವರ್ಷದ ಕೊತ್ತಂಬರಿ ಬೀಜ ಈ ವರ್ಷದ್ದರಲ್ಲಿ ಬೆರೆತಿದ್ದರೆ ಹೇಳುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷವೇ ನಮ್ಮಪ್ಪನ ಮೂರು ಮೂಟೆ ಕೊಬ್ಬರಿಯನ್ನು, "ಬೀಗರಾದ್ರೇನಾತು, ಕಮಟು ಅಂದ್ರ ಕಮಟನ," ಎಂದು ವಾಪಸು ಕಳಿಸಿದ್ದರು. ನಾನು ಎರಡು ದಿನ ಕಣ್ಣೀರು ಹಾಕಿದ್ದೆ. ನಾನು ಮಾಡುವ ಬಿಸಿಬೇಳೆಬಾತಿನ ಬಗ್ಗೆಯಂತೂ ಅವರ ಅಭಿಪ್ರಾಯ ಹದಿನಾಲ್ಕು ವರ್ಷದಲ್ಲಿ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. "ಅನ್ನ ಬ್ಯಾರೆ, ಬ್ಯಾಳಿ ಬ್ಯಾರೆ ಮಾಡಾಕ ನಿಮ್ಮ ಕಡಿ ಬ್ಯಾಸರೇನು? ಹಲ್ಲಿಲ್ಲದವರ ಊಟ ಇದು. ಮ್ಯಾಲ ಮರಾಠಿ ಮೊಗ್ಗಂತ! ನಾವು ಇಷ್ಟು ಮರಾಠಿ ಮಂದ್ಯಾಗ ಅದೀವಿ, ಒಬ್ಬರರೆ ಅದನ್ನ ನೋಡ್ಯಾರೇನು ಕೇಳ." ಹೀಗೆ ಬೈಯುತ್ತಲೇ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು, ಅದು ಬೇರೆ ಮಾತು.

ಊರಿಗೆ ಊರೇ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಕಾಲ ಅದು. ಬೇಸಿಗೆಯ ಕೊನೆಗೆ ಅತ್ತೆಗೆ ಜ್ವರ ಬಂತು. ಹತ್ತು ದಿನ ಮಹಡಿಯ ಕೋಣೆಯಲ್ಲಿ ಮಲಗಿದ್ದರು. ಬಾಗಿಲಲ್ಲಿ ಗಂಜಿ ಇಟ್ಟು ನಾನು ದೂರ ನಿಲ್ಲುತ್ತಿದ್ದೆ, ಅವರು ಒಳಗಿನಿಂದ, "ಘಾಬರಿ ಆಗಬ್ಯಾಡ, ಇನ್ನೂ ಸತ್ತಿಲ್ಲ," ಅನ್ನುತ್ತಿದ್ದರು. ದೇವರು ದೊಡ್ಡವನು, ಎದ್ದು ಬಂದರು. ಆದರೆ ಎದ್ದು ಬಂದವರು ಊಟವನ್ನು ಕೆದಕಿ ಏಳುತ್ತಿದ್ದರು. ಬಳೆ ಮೊಣಕೈಗೆ ಜಾರುವಷ್ಟು ತೆಳ್ಳಗಾದರು. ನಾವು ಜ್ವರದ ನಿಶ್ಶಕ್ತಿ ಅಂದುಕೊಂಡೆವು.

ನಿಜ ಗೊತ್ತಾದದ್ದು ಆಷಾಢದ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಅಡುಗೆಮನೆಯ ಕಿಟಕಿಯಲ್ಲಿ ಬೆಳಕು ತೊಳೆದ ಅಕ್ಕಿಯ ನೀರಿನ ಬಣ್ಣದ್ದಾಗಿತ್ತು. ಅತ್ತೆ ನೆಲದ ಮೇಲೆ ಕೂತು ಕೊಬ್ಬರಿ ತುರಿಯುತ್ತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಗಂಟಲಿಗೆ ಬಡಿಯಿತು, ಕಮಟು. ಮಳೆಯ ಥಂಡಿಗೆ ಡಬ್ಬಿಯೊಳಗಿನ ಕೊಬ್ಬರಿ ಕೆಟ್ಟಿತ್ತು. ಕೊಬ್ಬರಿ ಮಂಡಿಯಲ್ಲಿ ಹುಟ್ಟಿ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅತ್ತೆ ಮಾತ್ರ ತುರಿಯುತ್ತಲೇ ಇದ್ದರು. ಬಟ್ಟಲು ಅರ್ಧ ತುಂಬಿತ್ತು.

ಅದು ನನ್ನ ತವರಿನ ಕೊಬ್ಬರಿ. ನನ್ನ ತವರಿನ ಕೊಬ್ಬರಿಯಲ್ಲಿ ತಪ್ಪು ಹಿಡಿಯುವ ಅವಕಾಶವನ್ನು ಅತ್ತೆ ಸುಮ್ಮನೆ ಬಿಟ್ಟುಕೊಟ್ಟರು ಎಂದರೆ ಏನೋ ದೊಡ್ಡದೇ ಆಗಿದೆ. ನಾನು ಎದುರು ಕೂತು, "ಅತ್ತೆ, ನಿಮಗೆ ವಾಸನೆ ಬರ್ತಾ ಇಲ್ವಾ?" ಎಂದೆ.

ಅವರ ಕೈ ನಿಂತಿತು. ಬಾಗಿಲ ಕಡೆ ನೋಡಿದರು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು.

"ಎರಡ ತಿಂಗಳಾತು. ಮೂಗು ಸತ್ತೈತಿ ನಂದು," ಅಂದರು. "ಉಣ್ಣೂದಂದ್ರ ಅರಿವಿ ಅಗದಾಂಗ ಆಗೇತಿ. ನಿನ್ನಿ ಹಾಲು ಉಕ್ಕಿ ಹೊತ್ತಿ ಹೋದ್ರ ನಾ ಬಾಜೂಕ ಕುಂತೀನಿ, ಗೊತ್ತಾಗಿಲ್ಲ. ಯಾರಿಗೂ ಹೇಳಬ್ಯಾಡ ಶೈಲಾ. ಹಟ್ಟಿ ಊಟ ಹತ್ರ ಬಂದೈತಿ."

ಹಟ್ಟಿ ಊಟ ಅಂದರೆ ಹೇಳಬೇಕು. ನಮ್ಮದು ಚಪಳಗಾಂವದಲ್ಲಿ ಒಂದಿಷ್ಟು ಕರಿ ಹೊಲವಿದೆ. ಈ ಕಡೆ ಜೋಳ ಬಿತ್ತುವುದು ಮಳೆಗಾಲ ಮುಗಿಯುವಾಗ, ಅಲ್ಲಿಯವರೆಗೆ ಹೊಲ ಖಾಲಿ. ಆ ದಿನಗಳಲ್ಲಿ ಕುರುಬರ ಬೀರಪ್ಪ ತನ್ನ ಕುರಿಗಳನ್ನು ತಂದು ಹೊಲದಲ್ಲಿ ನಿಲ್ಲಿಸುತ್ತಾನೆ. ಕುರಿ ಮಲಗಿದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಬಿತ್ತನೆಗೆ ಮುಂಚೆ ಅವನ ಹಟ್ಟಿ, ಅಂದರೆ ಕುರಿಗಾರರ ಬಿಡಾರ, ಏಳುತ್ತದೆ. ಏಳುವ ದಿನ ಹೊಲದ ಒಡತಿ ಅಲ್ಲಿಗೆ ಹೋಗಿ, ತನ್ನ ಕೈಯಾರೆ ಅಡುಗೆ ಮಾಡಿ, ಬದುವಿನ ಬೇವಿನ ಬುಡದಲ್ಲಿರುವ ಕುರುಬರ ದೇವರು ಬೀರೋಬಾನ ಕಲ್ಲಿಗೆ ಎಡೆ ಹಿಡಿದು, ಆಮೇಲೆ ಹಟ್ಟಿಯವರಿಗೆಲ್ಲ ಬಡಿಸಬೇಕು. ಎಡೆ ಆಗುವವರೆಗೆ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ. ಖಾರ ಹೆಚ್ಚೋ ಹುಳಿ ಕಮ್ಮಿಯೋ, ಎಲ್ಲ ಮೂಗಿನಿಂದಲೇ ತಿಳಿಯಬೇಕು. ನಲವತ್ತು ವರ್ಷ ಅತ್ತೆ ಹಾಗೆ ಮೂಗಿನಿಂದಲೇ ಮೂವತ್ತು ನಲವತ್ತು ಜನಕ್ಕೆ ಅಡುಗೆ ಮಾಡಿದ್ದರು, ಒಂದು ಸಲವೂ ಹದ ತಪ್ಪಿರಲಿಲ್ಲ. ಆಗದಿದ್ದ ದಿನ ಸೌಟು ಸೊಸೆಯ ಕೈಗೆ ಹೋಗುತ್ತದೆ, ಒಮ್ಮೆ ಹೋದರೆ ಮತ್ತೆ ತಿರುಗಿ ಬರುವುದಿಲ್ಲ.

ಅದೇ ವಾರ ಯಜಮಾನರು ಊಟಕ್ಕೆ ಕೂತಾಗ, "ಅವ್ವಗ ಶಕ್ತಿ ಇಲ್ಲ. ಈ ವರ್ಷ ಹಟ್ಟಿ ಊಟ ನೀನ ಮಾಡಿಬಿಡು," ಎಂದು ನನಗೆ ಹೇಳಿದರು. ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೇ ಆಸೆ ಚಿಗುರಿತು. ಹದಿನಾಲ್ಕು ವರ್ಷ ಈರುಳ್ಳಿ ಹೆಚ್ಚಿಕೊಟ್ಟಿದ್ದೆ, ಒಂದು ವರ್ಷ ಸೌಟು ಹಿಡಿದರೆ ತಪ್ಪೇನು? ಆದರೆ ಅತ್ತೆಯ ಕೈಯ ತುತ್ತು ತಟ್ಟೆಯಲ್ಲೇ ಉಳಿದಿತ್ತು. ಈ ಜೀವದಿಂದ ಅದೊಂದನ್ನೂ ಕಿತ್ತುಕೊಂಡರೆ ಇವರು ತುತ್ತು ಎತ್ತುವುದನ್ನೇ ಬಿಡುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

"ಇಲ್ಲ, ಅತ್ತೆನೇ ಮಾಡ್ತಾರೆ. ನಾನು ಪಕ್ಕದಲ್ಲಿರ್ತೀನಿ," ಎಂದೆ.

ಹೀಗೆ ನಮ್ಮಿಬ್ಬರ ಒಳಒಪ್ಪಂದ ಶುರುವಾಯಿತು. ಮೂಗು ನನ್ನದು, ಕೈ ಅವರದು. ಏನು ಅಡುಗೆ ಎಂದು ನಾನು ಕೇಳಿದೆ. ಪ್ರತಿ ವರ್ಷ ಮಾಡುವುದು ಗೋಧಿ ಹುಗ್ಗಿ, ಖಾರಬ್ಯಾಳಿ, ರೊಟ್ಟಿ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ನಿನ್ನ ಆ ಬ್ಯಾಳಿ ಬಾತ ಮಾಡೂಣು," ಅಂದರು. ನಾನು ಕಿವಿಯನ್ನೇ ನಂಬಲಿಲ್ಲ.

"ಅದು ಹಲ್ಲಿಲ್ಲದವರ ಊಟ ಅಲ್ವಾ ಅತ್ತೆ?"

"ಶ್ಯಾಣೇತನ ಮಾಡಬ್ಯಾಡ. ಮಳಿ ಹಿಂಗ ಹಿಡಿದ್ರ ಬಯಲಾಗ ಇಷ್ಟು ಮಂದಿಗಿ ರೊಟ್ಟಿ ಯಾರು ಬಡೀತಾರ? ಇದಾದ್ರ ಒಂದ ಭಾಂಡ್ಯಾಗ ಆತು." ದನಿ ತಗ್ಗಿಸಿ, "ಮತ್ತ ನನ್ನ ಖಾರಬ್ಯಾಳಿ ಹ್ಯಾಂಗಿರ್ತೈತಿ ಅಂತ ಬೀರಪ್ಪನ ಮನಿ ಕೂಸಿಗೂ ಗೊತ್ತೈತಿ. ನಿನ್ನ ಬಾತ ಹ್ಯಾಂಗಿರಬೇಕು ಅಂತ ಚಪಳಗಾಂವದಾಗ ಯಾರಿಗಿ ಗೊತ್ತೈತಿ ಹೇಳ," ಅಂದರು. ಮೂಗು ಹೋದರೂ ತಲೆ ಎಲ್ಲಿಯೂ ಹೋಗಿರಲಿಲ್ಲ.

ಶ್ರಾವಣ ಪೂರ್ತಿ ಮಧ್ಯಾಹ್ನಗಳು ಹಾಗೇ ಕಳೆದವು. ಆ ವರ್ಷ ಸೊಲ್ಲಾಪುರದಲ್ಲಿ ಎಂದೂ ಇಲ್ಲದ ಮಳೆ. ಬಿಸಿಲಿಗೇ ಹುಟ್ಟಿದಂತಿರುವ ಈ ಊರು ದಿನವಿಡೀ ಅರೆನಿದ್ದೆಯಲ್ಲಿ ಇರುತ್ತಿತ್ತು. ಕೆಳಗೆ ಅಂಗಡಿಯಲ್ಲಿ ಗಿರಾಕಿಗಳ ಮರಾಠಿ, ಮೇಲೆ ತಗಡಿನ ಮೇಲೆ ಮಳೆ, ನಡುವೆ ನಾವಿಬ್ಬರು ಒಂದು ಬಾಣಲೆಯ ಆಚೆ ಈಚೆ. ಅತ್ತೆ ಕೊತ್ತಂಬರಿ ಬೀಜ ಹುರಿಯುತ್ತಿದ್ದರು. ನಾನು ಹಬೆಗೆ ಮುಖ ಒಡ್ಡಿ ಕೂರುತ್ತಿದ್ದೆ.

"ಈಗೇನ್ ವಾಸನಿ?"

"ಚೆನ್ನಾಗಿ ಬಂತು ಅತ್ತೆ."

"ಚೆನ್ನಾಗಿ ಅಂದ್ರ ಏನ? ಸೀರಿನೂ ಚೆನ್ನಾಗಿರ್ತೈತಿ. ವಾಸನಿ ಹೇಳ."

ಇಷ್ಟು ವರ್ಷ ಮೂಸಿದ್ದೆ ಹೊರತು ಯಾವ ವಾಸನೆಗೂ ಹೆಸರಿಟ್ಟಿರಲಿಲ್ಲ. ಒಂದೊಂದೇ ಹುಡುಕಿದೆ. ಕೊತ್ತಂಬರಿ ಬೀಜ ಮೊದಲು ಒಣ ಹುಲ್ಲು, ಆಮೇಲೆ ಕಿತ್ತಳೆ ಸಿಪ್ಪೆ. ಕಡಲೆಬೇಳೆ ಕೆಂಪಾಗುವಾಗ ಬಿಸಿಲಿಗೆ ಕಾದ ಚಾಪೆ. ಬ್ಯಾಡಗಿ ಮೆಣಸಿನಕಾಯಿ ಹದಕ್ಕೆ ಬಂದರೆ ಬೆಲ್ಲದ ಹತ್ತಿರದ ಒಂದು ಸಿಹಿ, ಹದ ಮೀರಿದರೆ ಕೆಮ್ಮು. ಗಸಗಸೆಗೆ ಏನೂ ಸಿಗಲಿಲ್ಲ, "ಮಲಗಿದ ಮಗುವಿನ ನೆತ್ತಿ," ಅಂದುಬಿಟ್ಟೆ. ಅತ್ತೆ ಸೌಟು ನಿಲ್ಲಿಸಿ ನನ್ನನ್ನು ನೋಡಿದರು. "ಹೌದು, ಹಾಂಗ ಇರ್ತೈತಿ," ಎಂದು ಮೆಲ್ಲಗೆ ಅಂದರು. ಕಣ್ಣು ಮುಚ್ಚಿಕೊಂಡರು. ನನ್ನ ಒಂದು ಮಾತಿನಿಂದ ಅವರಿಗೆ ಎಲ್ಲಿಯೋ ಏನೋ ಬಂದು ಹೋಗಿತ್ತು. ಅವತ್ತು ಅವರು ಒಂದು ಪೂರ್ತಿ ಬಟ್ಟಲು ಉಂಡರು.

ಆ ದಿನಗಳಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು, ಬುದ್ಧಿಗೆ ಬಿದ್ದಿರಲಿಲ್ಲ. ನಾನು "ಈಗ ಬಂತು," ಎಂದಾಗಲೆಲ್ಲ ಅತ್ತೆ ತಲೆಯನ್ನು ಒಂದಿಷ್ಟು ಓರೆ ಮಾಡುತ್ತಿದ್ದರು, ಎಡಗಿವಿ ಒಲೆಯ ಕಡೆಗೆ. ಬೇಳೆ ಅನ್ನ ಕೂಡಿ ಕುದಿಯುವಾಗ ಬೆರಳೆತ್ತಿ ನನ್ನ ಮಾತು ನಿಲ್ಲಿಸುತ್ತಿದ್ದರು. ವಯಸ್ಸಾಯಿತು, ಕುತ್ತಿಗೆ ನೋವಿರಬೇಕು ಅಂದುಕೊಂಡು ಒಂದು ದಿನ ಎಣ್ಣೆ ಹಚ್ಚಲೂ ಹೋಗಿದ್ದೆ.

ಭಾದ್ರಪದದಲ್ಲಿ ಬೀರಪ್ಪನ ಫೋನು ಬಂತು. ಹಟ್ಟಿ ಏಳುವ ದಿನ ಗೊತ್ತಾಯಿತು. ಹಿಂದಿನ ದಿನ ಭಾಂಡೆ, ಸಾಮಾನುಗಳನ್ನು ಟೆಂಪೋಕ್ಕೆ ಏರಿಸುವಾಗ ಮಳೆ ಸುರಿಯಿತು. ಮಸಾಲೆಯ ಡಬ್ಬಿ ನೆನೆಯಬಾರದೆಂದು ನನ್ನ ತಲೆಯ ಸೆರಗನ್ನು ಅದಕ್ಕೆ ಸುತ್ತಿದೆ, ತಲೆ ನೆನೆಯಿತು. ಬೆಳಿಗ್ಗೆ ಎದ್ದರೆ ಮೂಗು ಕಟ್ಟಿ ಕಲ್ಲಾಗಿದೆ. ಇಂಗಿನ ಡಬ್ಬಿ ತೆರೆದು ಮೂಸಿದೆ. ಏನೂ ಇಲ್ಲ. ಇಂಗು ಬರಲಿಲ್ಲವೆಂದರೆ ಇನ್ನು ಬೇರೇನು ಬಂದೀತು!

ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಅತ್ತೆ ಧೈರ್ಯಗೆಡುತ್ತಾರೆ, ಎಲ್ಲ ಅಲ್ಲಿಗೇ ನಿಲ್ಲುತ್ತದೆ. ತಿಂಗಳು ಪೂರ್ತಿ ಹೇಳಿದ ಮಾತುಗಳು ಬಾಯಿಪಾಠವಾಗಿವೆ, ಅವನ್ನೇ ಸರಿಯಾದ ಹೊತ್ತಿಗೆ ಹೇಳಿದರಾಯಿತು ಎಂದು ಲೆಕ್ಕ ಹಾಕಿದೆ. ಮೂಗು ಮುಚ್ಚಿದ್ದವಳಿಗೆ ಬುದ್ಧಿಯೂ ಮುಚ್ಚಿತ್ತು.

ಹೊಲಕ್ಕೆ ಹೋಗುವಾಗ ಕರಿ ಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಪಾದವೂ ಒಂದೊಂದು ಸೇರಿನ ಭಾರವಾಯಿತು. ಮೋಡ ಬೇವಿನ ಮರದ ತುದಿಗೆ ತಾಗುವಷ್ಟು ಕೆಳಗೆ ಬಂದಿತ್ತು. ಅದರ ಅಡಿಯಲ್ಲಿ ಕುರಿಗಳು, ಕಂಬಳಿ ಹೊದ್ದ ಮುದುಕರು, ಕೂಸನ್ನು ಕಂಕುಳಲ್ಲಿಟ್ಟ ಹೆಂಗಸರು, ಎಲ್ಲ ಮಂಜಿನೊಳಗೆ ಅರ್ಧ ಅಳಿಸಿದಂತೆ ಕಾಣುತ್ತಿದ್ದರು. ಬೀರಪ್ಪ ಬಲಿಷ್ಠ ಆಳು, ಹಣೆ ತುಂಬ ಭಂಡಾರದ ಅರಿಶಿನ. "ಬರ್ರಿ ಅವ್ವಾರ, ಅರಾಮ ಅದೀರೇನ್ರಿ? ಭಾಳ ಸೊರಗೀರಿ," ಅಂದ. "ಸೊರಗಿದ್ರೇನಾತೋ, ಕೈ ಅದಾವಲ್ಲ," ಅಂದರು ಅತ್ತೆ.

ಮೂರು ಕಲ್ಲಿನ ಒಲೆ ಹೂಡಿದೆವು. ತೊಗರಿಬೇಳೆ ಬೆಂದಿತು, ಅಕ್ಕಿ ಬಿದ್ದಿತು, ಬದನೆ, ಚವಳಿಕಾಯಿ, ಹಸಿ ಶೇಂಗಾ ಬಿದ್ದವು. ಹುಣಸೆ ರಸ ಸುರಿದು ಅತ್ತೆ ನನ್ನ ಕಡೆ ನೋಡಿದರು.

"ಹುಣಸಿ ಹಸಿ ವಾಸನಿ ಹೋತೇನು?"

ನಾನು ಹಬೆಗೆ ಬಾಗಿದೆ. ಮುಖ ಬೆಚ್ಚಗಾಯಿತು, ಅಷ್ಟೇ. "ಹೋಯ್ತು ಅತ್ತೆ. ಈಗ ಮಾಗಿದ ವಾಸನೆ."

ಮಸಾಲೆ ಬಿತ್ತು, ಬೆಲ್ಲ ಬಿತ್ತು, ಉಪ್ಪನ್ನು ಮುಷ್ಟಿ ಲೆಕ್ಕದಲ್ಲಿ ಹಾಕಿದರು. "ಈಗ?" "ಕಿತ್ತಳೆ ಸಿಪ್ಪೆ ಬಂತು. ಹಿಂದಿನಿಂದ ಬೆಲ್ಲ." "ಈಗ?" "ಬಿಸಿಲಿಗೆ ಕಾದ ಚಾಪೆ." ನಾನು ಸಾಲಾಗಿ ಒಪ್ಪಿಸುತ್ತಿದ್ದೆ, ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ. ಅತ್ತೆ ಸೌಟು ನಿಲ್ಲಿಸಿದರು. ತಲೆ ಓರೆಯಾಯಿತು.

"ಸುಳ್ಳ," ಅಂದರು.

ನಾನು ಹಬೆಯಿಂದ ಮುಖ ಎತ್ತಿದೆ.

"ಮುಂಜಾನಿಂದ ನೋಡಾಕತ್ತೀನಿ, ನಿನ್ನ ದನಿ ಮೂಗಿನ್ಯಾಗಿಂದ ಬರಾಕತ್ತೈತಿ. ನೆಗಡಿ ಬಂದೈತಿ ನಿನಗ. ಏನೂ ವಾಸನಿ ಹತ್ತವಲ್ದು, ಹಳೇ ಮಾತು ಹೇಳಾಕತ್ತಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದಾಗಿತ್ತು. "ನನ್ನ ಮೂಗು ಹೋದದ್ದು ದೇವರ ಕೈಯಾಗಿತ್ತು ಶೈಲಾ. ನೀ ಸುಳ್ಳ ಹೇಳಿದ್ದು ನಿನ್ನ ಕೈಯಾಗಿತ್ತು."

ಎಷ್ಟೋ ಬೈಗುಳ ತಿಂದಿದ್ದೇನೆ, ಯಾವುದೂ ಹಾಗೆ ಒಳಗೆ ಇಳಿದಿರಲಿಲ್ಲ. ಎರಡು ಹೆಂಗಸರು, ನಲವತ್ತು ಜನರ ಅಡುಗೆ, ಇಬ್ಬರ ನಡುವೆ ಕೆಲಸ ಮಾಡುವ ಒಂದು ಮೂಗೂ ಇಲ್ಲ. ಎಡೆ ಆಗುವ ಮುಂಚೆ ಬೇರೆಯವರನ್ನು ಕರೆದು ಮೂಸಿಸಿದರೆ ಅತ್ತೆಯ ಗುಟ್ಟು ಬಯಲಿಗೆ ಬರುತ್ತದೆ, ಸೌಟು ಹೋಗುತ್ತದೆ. ಯಜಮಾನರು ಟೆಂಪೋ ಹತ್ತಿರ ನಿಂತು ನಮ್ಮ ಕಡೆಯೇ ನೋಡುತ್ತಿದ್ದರು.

ಅತ್ತೆ ಬೆನ್ನು ನೆಟ್ಟಗೆ ಮಾಡಿದರು. "ಬೀರಪ್ಪಾ, ಗದ್ದಲ ನಿಂದರಸು! ಒಬ್ಬರೂ ಮಾತಾಡಬ್ಯಾಡ್ರಿ," ಎಂದು ಕೂಗಿದರು. ದೇವರ ಅಡುಗೆಯಲ್ಲಿ ಅದೂ ಒಂದು ಮಡಿ ಇರಬೇಕು ಎಂದುಕೊಂಡು ಹಟ್ಟಿಯೆಲ್ಲ ಸುಮ್ಮನಾಯಿತು. ನಾಯಿಯೂ ಬಾಲ ಮುದುರಿ ಕೂತಿತು. ಮೋಡದ ಅಡಿಯಲ್ಲಿ ಅಷ್ಟು ದೊಡ್ಡ ಬಯಲು ಉಸಿರು ಹಿಡಿದಾಗ ಕೇಳಿಸಿದ್ದು ಪಾತೇಲಿಯ ಕುದಿತ ಒಂದೇ. ಅತ್ತೆ ಎಡಗಿವಿಯನ್ನು ಹಬೆಯ ಮೇಲೆ ಬಾಗಿಸಿ, ಕಣ್ಣು ಮುಚ್ಚಿ ನಿಂತರು. ಎಷ್ಟು ಹೊತ್ತೋ. ಆ ಮುಖವನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ.

"ತಳ ಹಿಡಿಯಾಕತ್ತೈತಿ," ಅಂದರು. "ಬೆಂಕಿ ತಗಿ. ಪೂರಾ ತಗಿ. ಆ ಇನ್ನೊಂದ ಭಾಂಡಿ ತಾ. ಮ್ಯಾಲಿಂದಷ್ಟ ಎತ್ತಿ ಹಾಕೂಣು, ಸೌಟು ತಳಕ್ಕ ತಾಗಬಾರ್ದು. ಕೆರದೆ ಅಂದ್ರ ಹೊತ್ತಿದ್ದು ಎಲ್ಲಾದಕ್ಕೂ ಹತ್ತತೈತಿ."

ನಾವಿಬ್ಬರೂ ಎರಡು ಸೌಟು ಹಿಡಿದು ಮೇಲಿಂದ ಮೇಲಿಂದ ಎತ್ತಿ ಹಾಕಿದೆವು. ಕೊನೆಗೆ ತಳದಲ್ಲಿ ಅಂಗೈಯಷ್ಟು ಕಪ್ಪು ಕಂಡಿತು. ಅತ್ತೆ ಹೇಳಿದ್ದು ಸರಿಯಾಗಿತ್ತು, ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಲ್ಲ ಹೋಗುತ್ತಿತ್ತು. "ಹೇಗೆ ಗೊತ್ತಾಯ್ತು?" ಎಂದು ಪಿಸುಗುಟ್ಟಿದೆ.

"ಹದ ಇದ್ದಾಗ ಲೊಚಲೊಚ ಅಂತೈತಿ. ತಳ ಹಿಡಿಯೂ ಹೊತ್ತಿಗಿ ಸಪ್ಪಳ ದಪ್ಪ ಆಗ್ತೈತಿ, ಒಂದ ಬಿಟ್ಟು ಒಂದ ಬರ್ತೈತಿ. ಕೊತ್ತಂಬರಿ ಸಪ್ಪಳ ಬ್ಯಾರೆ, ಮೆಣಸಿನಕಾಯಿ ಸಪ್ಪಳ ಬ್ಯಾರೆ. ನೀ ವಾಸನಿ ಹೇಳೀದಿ, ನಾ ಸಪ್ಪಳ ಗಂಟು ಹಾಕ್ಕೊಂಡೀನಿ. ನಿನ್ನ ಮೂಗು ನನಗ ಜಲ್ಮ ಪೂರಾ ಸಿಗತೈತೇನು?"

ಒಂದು ತಿಂಗಳು ನಾನು ಅವರಿಗೆ ಮೂಗಾಗಿದ್ದೇನೆ ಎಂದು ಹೆಮ್ಮೆಪಟ್ಟುಕೊಂಡಿದ್ದೆ. ಅವರು ಮಾತ್ರ ಸದ್ದಿಲ್ಲದೆ ಕಿವಿಯನ್ನು ಪಳಗಿಸುತ್ತಿದ್ದರು. ಕುತ್ತಿಗೆಗೆ ಎಣ್ಣೆ ಹಚ್ಚಲು ಹೋಗಿದ್ದೆ ನೋಡಿ, ನನ್ನ ಬುದ್ಧಿಗೆ ಏನನ್ನಬೇಕು!

ಆದರೂ ಅಡುಗೆ ಹೇಗಾಗಿದೆ ಎಂದು ಇಬ್ಬರಿಗೂ ಗೊತ್ತಿಲ್ಲ. ಎಡೆ ಹಿಡಿದೆವು. ಬೀರಪ್ಪ ಕಲ್ಲಿನ ಮೇಲೆ ಭಂಡಾರ ತೂರಿದ, ಹಳದಿ ಪುಡಿ ಥಂಡಿ ಗಾಳಿಯಲ್ಲಿ ತೇಲಿ ಎಲ್ಲರ ತಲೆಯ ಮೇಲೂ ಕೂತಿತು. ಪದ್ಧತಿಯ ಪ್ರಕಾರ ಮೊದಲ ತುತ್ತು ಅವನದು. ಅತ್ತೆ ಬಡಿಸಿದರು. ಅವನು ಬಾತನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ, ಇದು ಯಾವ ಜಾತಿಯ ಪದಾರ್ಥ ಎಂಬಂತೆ. ಬಾಯಿಗಿಟ್ಟ. ಅಗಿದ. ನುಂಗಿದ. ಇನ್ನೊಂದು ತುತ್ತು ತೆಗೆದುಕೊಂಡ.

"ಅವ್ವಾರ, ಸಿಟ್ಟಾಗಬ್ಯಾಡ್ರಿ," ಅಂದ. "ರುಚಿ ಭಾರಿ ಐತಿ. ಉಪ್ಪು ಒಂದ್ ಚೂರು ಕಮ್ಮಿ ಆಗೇತಿ."

ಅತ್ತೆಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಉಪ್ಪಿಗಿ ವಾಸನಿ ಇರೂದಿಲ್ಲೋ ಬೀರಪ್ಪಾ!" ಎಂದು ನಕ್ಕರು. ಆ ನಗೆಯನ್ನು ಕೇಳಿ ನಾಲ್ಕು ತಿಂಗಳಾಗಿತ್ತು. "ಅದೊಂದು ತಪ್ಪು ಯಾವ ಮೂಗಿಗೂ ಸಿಗೂದಿಲ್ಲ. ತಗೋ, ಮ್ಯಾಲ ಹಾಕ್ಕೋ." ಕುರುಬರ ಮಕ್ಕಳು ಬೆರಳು ನೆಕ್ಕುತ್ತ ಮೂರು ಸಲ ಹಾಕಿಸಿಕೊಂಡರು. ಯಜಮಾನರು ಬಂದು ನಿಂತು ಉಂಡು, "ಅವ್ವಾ, ಇನ್ನ ಮ್ಯಾಲ ವರ್ಷಾ ಇದನ್ನ ಮಾಡ," ಅಂದರು. ಸೌಟು ಇದ್ದಲ್ಲೇ ಉಳಿಯಿತು.

ಸಂಜೆಗೆ ಹಟ್ಟಿ ಎದ್ದಿತು. ಕತ್ತೆಗಳ ಮೇಲೆ ಹೊರೆ ಬಿಗಿದರು, ಕುರಿದೊಡ್ಡಿಯ ಬಲೆ ಬಿಚ್ಚಿದರು. ಕುರಿಗಳು ಎದ್ದು ನಿಂತ ಹೊತ್ತಿಗೆ ಸಣ್ಣ ಹನಿ ಶುರುವಾಯಿತು. ನಾನೂ ಅತ್ತೆಯೂ ಬೇವಿನ ಅಡಿಯಲ್ಲಿ ನಿಂತಿದ್ದೆವು. ಬೆಳಗಿನ ಸುಳ್ಳಿನ ಬಗ್ಗೆ ಇನ್ನೂ ಕ್ಷಮೆ ಕೇಳಿರಲಿಲ್ಲ. ಹಿಂಡು ನಮ್ಮನ್ನು ಒತ್ತಿಕೊಂಡೇ ಹಾದುಹೋಗತೊಡಗಿತು. ಅತ್ತೆ ಇದ್ದಕ್ಕಿದ್ದಂತೆ ಸೆರಗನ್ನು ಮೂಗಿಗೆ ಹಿಡಿದರು.

"ಏನದು ಗಬ್ಬು ವಾಸನಿ!"

ಸುಮ್ಮನೆ ಆಡಿದ ಮಾತು, ನಲವತ್ತು ವರ್ಷದ ಅಭ್ಯಾಸ. ಆಡಿದ ಮೇಲೆ ಅವರೇ ಬೆಚ್ಚಿದರು. ಸೆರಗು ನಿಧಾನವಾಗಿ ಕೆಳಗೆ ಇಳಿಯಿತು. ನನ್ನ ತೋಳನ್ನು ಹಿಡಿದುಕೊಂಡರು, ಉಗುರು ನಾಟುವಷ್ಟು ಬಿಗಿಯಾಗಿ.

"ಶೈಲಾ, ಏನೋ ಬರಾಕತ್ತೈತಿ. ಖರೇನೋ ಸುಳ್ಳೋ ನೋಡ. ನಿನಗ ಬರಾಕತ್ತೈತೇನು?"

ನನಗೆ ಏನೂ ಬರುತ್ತಿರಲಿಲ್ಲ. ಮೂಗು ಕಲ್ಲು. ಒಂದು ತಿಂಗಳು ಎಲ್ಲ ಹೇಳಿದವಳು, ಆ ಒಂದು ಗಳಿಗೆಯಲ್ಲಿ ಹೇಳಲಾಗದೆ ನಿಂತಿದ್ದೆ. ಹೌದು ಎಂದುಬಿಡುವ ಆಸೆ ನಾಲಿಗೆಯ ತುದಿಗೆ ಬಂದಿತ್ತು. "ಇಲ್ಲ ಅತ್ತೆ. ನಂಗೆ ಬರ್ತಾ ಇಲ್ಲ," ಎಂದೆ. "ನೀವೇ ಹೇಳಿ. ಏನು ವಾಸನೆ?"

ಅವರು ಹಾದುಹೋಗುತ್ತಿದ್ದ ಒಂದು ಕುರಿಯ ಬೆನ್ನಿನ ಮೇಲೆ ಕೈ ಇಟ್ಟು, ಕೈಯನ್ನು ಮೂಗಿಗೆ ತಂದರು. ಮಳೆಯೋ ಕಣ್ಣೀರೋ, ಮುಖವೆಲ್ಲ ಒದ್ದೆ.

"ಹಸಿ ಕಂಬಳಿ," ಅಂದರು ತಡೆದು ತಡೆದು. "ಮೂಲ್ಯಾಗ ಮಡಚಿ ಇಟ್ಟ ಹಸಿ ಕಂಬಳಿ. ಅದರಾಗ ಚೂರು ಹಾಲು ಚೆಲ್ಲೇತಿ, ಹುಳಿ ಆಗೇತಿ. ನಾ ಸಣ್ಣಾಕಿ ಇದ್ದಾಗ ವಾಗದರ್ಯಾಗ ನಮ್ಮಪ್ಪ ಹೊಲದಿಂದ ಬಂದಾಗಿನ ವಾಸನಿ." ನನ್ನ ತೋಳು ಬಿಡದೆ, ಹಿಂಡಿನ ಕೊನೆಯ ಕುರಿ ಹೋಗುವವರೆಗೆ ಅವರು ಹೇಳುತ್ತಲೇ ಇದ್ದರು. ಏನೂ ಮೂಸಲಾಗದ ನಾನು ಎಲ್ಲವನ್ನೂ ಮೂಸಿದೆ. ಅವರ ಮಾತು ನನಗೆ ಹಾಗೆ ಮುಟ್ಟಿತು. ಕ್ಷಮೆ ಕೇಳುವುದನ್ನು ಮರೆತೇಬಿಟ್ಟೆ, ಅವರೂ ಮತ್ತೆ ಆ ಮಾತು ಎತ್ತಲಿಲ್ಲ.

ಮೂಗು ಪೂರ್ತಿ ಬಂತೇ ಎಂದರೆ, ಇಲ್ಲ. ಒದ್ದೆ ಕುರಿ ಬಂತು, ಸೀಮೆಎಣ್ಣೆ ಬಂತು, ಕೆಲವೊಮ್ಮೆ ಮೊದಲ ಮಳೆಯ ಮಣ್ಣು ಬರುತ್ತದೆ. ಮಸಾಲೆಗಳು ಒಂದೂ ತಿರುಗಿ ಬರಲಿಲ್ಲ. ಯಜಮಾನರಿಗೂ ಆಮೇಲೆ ಎಲ್ಲ ಹೇಳಿದೆವು. ಈಗಲೂ ಅವರು ಕಿವಿಯಿಂದ ಹುರಿಯುತ್ತಾರೆ, ನಾನು ಎದುರು ಕೂತು ವಾಸನೆ ಹೇಳುತ್ತೇನೆ. ಈ ವರ್ಷ ಮೊಣಕಾಲು ನೋವು ಹೆಚ್ಚಾಗಿ ಮೆಟ್ಟಿಲು ಇಳಿಯಲಾಗದೆ, ಹಟ್ಟಿ ಊಟದ ಸೌಟನ್ನು ತಾವೇ ತೊಳೆದು ಒರೆಸಿ ನನ್ನ ಕೈಗೆ ಕೊಟ್ಟು ಕಳಿಸಿದ್ದರು. ಈಗ ಅದು ನನ್ನ ಮಡಿಲಲ್ಲಿತ್ತು, ನಾವು ಹೊರಟಿದ್ದದ್ದೇ ಬೀರಪ್ಪನ ಹಟ್ಟಿಗೆ.

ಕಾರಿನ ಸುತ್ತ ಕುರಿಗಳು ಇನ್ನೂ ಹರಿಯುತ್ತಿದ್ದವು. ಫೋನು ಬಂತು. ಅತ್ತೆ.

"ಎಲ್ಲಿ ತನಕ ಬಂದೀರಿ? ಗಾಡಿ ಸಪ್ಪಳ ಇಲ್ಲ, ಯಾಕ ನಿಂತೀರಿ?"

"ಕುರಿ ಅಡ್ಡ ಬಂದಿವೆ ಅತ್ತೆ."

"ಮಳಿ ಆಗೇತೇನು ಅಲ್ಲಿ?"

"ಹೂಂ. ಪೂರ್ತಿ ನೆಂದಿವೆ."

"ಹಂಗಾರ ಹೇಳ."

ಸಾಕ್ಷಿ ಮೂಗಿನ ಮೇಲೆ ಓಢಣಿ ಹಿಡಿದುಕೊಂಡೇ ನನ್ನನ್ನು ನೋಡುತ್ತಿದ್ದಳು. ನಾನು, "ಹಸಿ ಕಂಬಳಿ ಅತ್ತೆ. ಮೂಲೆಯಲ್ಲಿ ಮಡಚಿಟ್ಟ ಹಸಿ ಕಂಬಳಿ. ಅದರಲ್ಲಿ ಒಂದು ಚೂರು ಹಾಲು..." ಎಂದು ಶುರು ಮಾಡಿದೆ.

"ಅದು ನಂದು," ಅತ್ತೆ ತಡೆದರು. "ಅದು ನಾ ಹೇಳಿದ್ದು. ಇವತ್ತ ಸೌಟು ನಿನ್ನ ಕೈಯಾಗೈತಿ, ನಿಂದು ಹೇಳ."

ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿ, ಎದೆ ತುಂಬ ಉಸಿರೆಳೆದುಕೊಂಡೆ.